ಸೀಮೆಸುಣ್ಣದ ಗೆರೆ

ಶೋರೂಮಿನವರು ಕೊಟ್ಟ ಅಂದಾಜು ಪಟ್ಟಿ ಒಂದೇ ಒಂದು ಹಾಳೆ. ಅದನ್ನು ಸೊಸೆ ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ, ಅದೂ ಮಾವನ ತಟ್ಟೆಯ ಪಕ್ಕದಲ್ಲೇ ಇಟ್ಟದ್ದು ತಪ್ಪಾಯಿತು. ಮಾವ ಮೂವತ್ತನಾಲ್ಕು ವರ್ಷ ಬಸ್ ಡಿಪೋದಲ್ಲಿ ಗ್ರೀಸು ಮೆತ್ತಿಕೊಂಡು ದುಡಿದು, ಕೊನೆಗೆ ಫೋರ್‌ಮನ್ ಆಗಿ ನಿವೃತ್ತನಾದ ಮನುಷ್ಯ. ಬೀದಿಯವರೆಲ್ಲ ಈಗಲೂ ಅವನನ್ನು ಫೋರ್‌ಮನ್ ಎಂದೇ ಕರೆಯುತ್ತಿದ್ದರು. ಅಂಥವನ ಕೈಗೆ ಕಾರಿನ ಸರ್ವೀಸಿನ ಲೆಕ್ಕ ಸಿಕ್ಕರೆ ಊಟ ತಣ್ಣಗಾಗುವುದು ಖಂಡಿತ.

ಕನ್ನಡಕ ಏರಿಸಿಕೊಂಡು ಅವನು ಗಟ್ಟಿಯಾಗಿ ಓದತೊಡಗಿದ.

“ಇಂಜಿನ್ ಆಯಿಲು, ಸರಿ. ಆಯಿಲ್ ಫಿಲ್ಟರು, ಅದೂ ಸರಿ. ಇದೇನಿದು, ಎ.ಸಿ. ಶುದ್ಧೀಕರಣ, ಸಾವಿರದ ಎಂಟುನೂರು? ಗಾಳಿಗೆ ಸ್ನಾನ ಮಾಡಿಸ್ತಾರಂತಾ?”

ಮೊಮ್ಮಗಳು ಪುಟ್ಟಿ ಕಿಸಕ್ಕನೆ ನಕ್ಕಳು. ನಕ್ಕಾಗ ಕೈ ತಾನಾಗಿ ಬಾಯಿಗೆ ಅಡ್ಡ ಬಂತು. ಹನ್ನೆರಡು ವರ್ಷದ ಹುಡುಗಿ, ಮುಂದಿನ ಹಲ್ಲುಗಳು ಒಂದರ ಮೇಲೊಂದು ಏರಿ ಕುಳಿತಿದ್ದವು. ತಂತಿ ಹಾಕಿಸಬೇಕೆಂದು ಹಲ್ಲಿನ ಡಾಕ್ಟರು ಹೇಳಿ ವರ್ಷವಾಗಿತ್ತು.

“‘ಇತರೆ ಸಾಮಗ್ರಿ’, ಒಂಬೈನೂರು. ಇತರೆ ಅಂದ್ರೆ ಏನಮ್ಮ? ಕೈ ಒರೆಸೋ ಬಟ್ಟೆ! ನಿಮ್ಮತ್ತೆ ಕತ್ತರಿಸಿ ಬಿಸಾಕ್ತಾಳಲ್ಲ, ಆ ಚಿಂದಿಗೆ ಒಂಬೈನೂರು. ಲೇ, ಕೇಳಿಸ್ತಾ? ನಿನ್ನ ಕಸದ ಬುಟ್ಟಿ ಲಕ್ಷಾಂತರ ಬಾಳುತ್ತೆ.”

ಅವನ ಹೆಂಡತಿ ಎಲ್ಲರಿಗೂ ಇನ್ನೊಂದು ಸುತ್ತು ಸಾರು ಬಡಿಸಿದಳು. ಬೀದಿಗೆಲ್ಲ ಅವಳು ಟೈಲರಮ್ಮ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ, ಕಿಟಕಿಯ ಪರದೆ ಹೊಲಿಯುತ್ತಿದ್ದಳು. ಎದೆಯ ಬಳಿ ಬಟ್ಟೆಗೆ ಸದಾ ಒಂದು ಸೂಜಿ ಸಿಕ್ಕಿಸಿಕೊಂಡೇ ಇರುವವಳು. ಅಡುಗೆ ಮಾಡುವಾಗಲೂ ಅದು ಅಲ್ಲಿಂದ ಇಳಿಯುತ್ತಿರಲಿಲ್ಲ.

“ಒಟ್ಟು ಇಪ್ಪತ್ತೊಂದು ಸಾವಿರದ ಆರುನೂರು,” ಎಂದ ಮಗ. ಅವನು ಕೆಲಸ ಮಾಡುವ ಮುದ್ರಣಾಲಯದಲ್ಲಿ ವಾರಕ್ಕೆ ನಾಲ್ಕೇ ದಿನ ಯಂತ್ರ ಓಡುತ್ತಿತ್ತು. “ಇದು ರಿಪೇರಿ ಅಲ್ಲಪ್ಪ. ಏನೂ ಕೆಟ್ಟಿಲ್ಲ. ಬರೀ ಮಾಮೂಲಿ ಸರ್ವೀಸು.”

“ಮಾಮೂಲಿ ಅಂತ ಬಿಟ್ರೆ ಮಾಮೂಲಿ ಆಗಿರಲ್ಲ ಅದು,” ಸೊಸೆ ತಟ್ಟೆಯಿಂದ ತಲೆಯೆತ್ತಿದಳು. “ದಿನಕ್ಕೆ ಎಂಬತ್ತು ಕಿಲೋಮೀಟರು ಓಡಾಡೋಳು ನಾನು. ಕಾರು ನಿಂತರೆ ನನ್ನ ಕೆಲಸಾನೂ ನಿಂತ ಹಾಗೆ.”

ಅವಳು ರಕ್ತ ಪರೀಕ್ಷೆಯ ಲ್ಯಾಬಿನವಳು. ಬೆಳಿಗ್ಗೆ ಆರೂವರೆಗೆ ಕಾರು ಹತ್ತಿ ಮನೆಮನೆಗೆ ಹೋಗಿ ರಕ್ತದ ಮಾದರಿ ತೆಗೆದು, ಮಧ್ಯೆ ಪುಟ್ಟಿಯನ್ನು ಶಾಲೆಗೆ ಬಿಟ್ಟು, ಹತ್ತರೊಳಗೆ ಲ್ಯಾಬು ಸೇರಬೇಕು. ಕಾರು ಅವಳ ದುಡಿಮೆಯದು. ಆ ಮಾತನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

“ನಾನೊಬ್ಬ ಮನೇಲಿ ಕೂತಿರೋದು ಯಾಕೆ, ಗೋಡೆಗೆ ಮೊಳೆ ಹೊಡೆಯೋಕಾ?” ಎಂದು ಫೋರ್‌ಮನ್ ಎದ್ದೇಬಿಟ್ಟ. “ಬಾ ಇಲ್ಲಿ. ಹೋದ ಸಲ ಇದೇ ಶೋರೂಮಿನೋರು ಎ.ಸಿ. ಫಿಲ್ಟರು ಬದಲಾಯಿಸಿದ್ವಿ ಅಂತ ದುಡ್ಡು ತಗೊಂಡ್ರಲ್ಲ? ತೋರಿಸ್ತೀನಿ ಬಾ.”

ಎಂಜಲು ಕೈಯಲ್ಲೇ ಎಲ್ಲರೂ ಅಂಗಳಕ್ಕೆ ನಡೆದರು. ಅವನು ಕಾರಿನ ಮುಂದಿನ ಸೀಟಿನ ಎದುರಿಗಿದ್ದ ಖಾನೆಯನ್ನು ಬಿಚ್ಚಿ, ಅದರ ಹಿಂದಿನಿಂದ ಒಂದು ಕಪ್ಪು ಚೌಕವನ್ನು ಎಳೆದು ಬಾನೆಟ್ಟಿನ ಮೇಲೆ ಕೊಡವಿದ. ಧೂಳು, ಒಂದು ಒಣಗಿದ ಎಲೆ, ಸತ್ತ ಜೇನುನೊಣ. ಬದಲಾಯಿಸುವುದಿರಲಿ, ಕಾರು ಕೊಂಡಂದಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

ಸೊಸೆಯ ಮುಖ ಕೆಂಪಾಯಿತು. ಶೋರೂಮಿನ ಗಾಜಿನ ಕೋಣೆ, ಪುಕ್ಕಟೆ ಕಾಫಿ, ಟೈ ಕಟ್ಟಿಕೊಂಡು ‘ಮೇಡಂ ಮೇಡಂ’ ಎನ್ನುವ ಸಲಹೆಗಾರ, ಎಲ್ಲ ಒಟ್ಟಿಗೆ ನೆನಪಾಗಿರಬೇಕು.

“ನನ್ನ ಕಣ್ಣಿಗೆ ಮಣ್ಣೆರಚಿದ್ರು,” ಎಂದಳು. ಬಾನೆಟ್ಟಿನ ಮೇಲಿನ ಧೂಳು ಒರೆಸಿ, “ಸರಿ ಮಾವ. ಈ ಸಲ ನೀವೇ ಮಾಡಿ,” ಎಂದಳು.

“ಹಾಗಾದ್ರೆ ಪುಟ್ಟಿ ಹಲ್ಲಿಗೆ ತಂತಿ,” ಎಂದ ಮಗ.

ಪುಟ್ಟಿ ಈ ಸಲ ಕೈ ಅಡ್ಡ ಹಿಡಿಯದೆ ನಕ್ಕಳು. ಟೈಲರಮ್ಮನಿಗೂ ಸಂತೋಷವಾಯಿತು. ಆದರೆ ಗಂಡ ಫಿಲ್ಟರನ್ನು ವಾಪಸು ಸೇರಿಸಲು ಮೂರು ಸಲ ತಡಕಾಡಿದ್ದನ್ನು ಅವಳು ನೋಡಿದ್ದಳು. ಬೆಳಿಗ್ಗೆ ಅವನ ಅಂಗಿಯ ಮೇಲಿನ ಗುಂಡಿ ಹಾಕಿಕೊಟ್ಟವಳೂ ಅವಳೇ. ಆರು ತಿಂಗಳಿಂದ ದಿನಾ ಹಾಕಿಕೊಡುತ್ತಿದ್ದಳು. ವಯಸ್ಸಾಯಿತು, ಅಷ್ಟೆ, ಎಂದುಕೊಂಡಿದ್ದಳು.

*

ಮುಂದಿನ ಭಾನುವಾರ ಫೋರ್‌ಮನ್ ಪೆಟ್ಟಿಗೆಯ ತಳದಿಂದ ಹಳೆಯ ಖಾಕಿ ಅಂಗಿ ತೆಗೆದ. ಟೈಲರಮ್ಮ ಹಿಂದಿನ ದಿನವೇ ಅದರ ಪಕ್ಕ ಬಿಚ್ಚಿ ಎರಡಿಂಚು ಅಗಲ ಮಾಡಿಟ್ಟಿದ್ದಳು. ತೊಟ್ಟುಕೊಂಡು ಅಂಗಳಕ್ಕೆ ಬಂದಾಗ ಹತ್ತು ವರ್ಷ ಚಿಕ್ಕವನಾಗಿ ಕಂಡ. ನಿವೃತ್ತಿಯಾದ ಮೇಲೆ ನಾಲ್ಕು ವರ್ಷ ಪೇಪರನ್ನು ಎರಡೆರಡು ಸಲ ಓದುತ್ತ, ತಿಂದದ್ದಕ್ಕೆಲ್ಲ ತಪ್ಪು ಹುಡುಕುತ್ತ ಕೂತಿದ್ದ ಮನುಷ್ಯ ಅಂದು ಸಿಳ್ಳೆ ಹಾಕುತ್ತಿದ್ದ. ಕಾರನ್ನು ಜಾಕಿನ ಮೇಲೆ ಎತ್ತಿ, ನಾಲ್ಕೂ ಚಕ್ರ ಬಿಚ್ಚಿ, ಬ್ರೇಕು ಉಜ್ಜಿ, ಆಯಿಲು ಇಳಿಸಿ, ಮಧ್ಯೆ ಮಧ್ಯೆ “ಚಿಂದಿ ತಾರೇ, ಒಂಬೈನೂರರ ಚಿಂದಿ!” ಎಂದು ಕೂಗುತ್ತಿದ್ದ.

“ಅಪ್ಪ, ನಟ್ಟು ಬಿಗಿ ಮಾಡೋಕೆ ಆ ಅಳತೆ ಸ್ಪ್ಯಾನರು ತರಲಾ?” ಎಂದ ಮಗ. “ಬೇಕಾದಷ್ಟು ಬಿಗಿ ಆದ ತಕ್ಷಣ ಕಟಕ್ ಅನ್ನುತ್ತಲ್ಲ, ಅದು. ಪಕ್ಕದ ಬೀದಿ ಟೈರಿನೋರ ಹತ್ರ ಇದೆ.”

ಫೋರ್‌ಮನ್ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಕಟಕ್ ಅನ್ನೋದು ಗೊತ್ತಿಲ್ಲದೋರಿಗೆ ಕಣೋ. ನನಗೆ ಈ ಬೆರಳು ಹೇಳುತ್ತೆ. ದಿನಾ ಬೆಳಿಗ್ಗೆ ಇನ್ನೂರು ಬಸ್ಸು ಹೊರಗೆ ಬಿಟ್ಟಿದೀನಿ, ಒಂದು ಚಕ್ರ ಅಲುಗಾಡಿಲ್ಲ.”

ಬಿಗಿ ಮಾಡಿದ ಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು ಒಂದೊಂದು ನಟ್ಟಿನ ಮೇಲಿಂದ ಚಕ್ರದವರೆಗೆ ನೇರ ಗೆರೆ ಎಳೆದ. ಡಿಪೋದ ಪದ್ಧತಿ ಅದು. ನಟ್ಟು ಸಡಿಲವಾಗಿ ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡು ತುಂಡಾಗುತ್ತದೆ, ನೋಡಿದವನಿಗೆ ತಿಳಿಯುತ್ತದೆ. ಚಕ್ರಕ್ಕೆ ನಾಲ್ಕು ನಟ್ಟು, ನಾಲ್ಕು ಚಕ್ರ, ಹದಿನಾರು ಗೆರೆ. ಮದುವೆಯಾದಂದಿನಿಂದ ಅವನ ಜೇಬಿನ ಸುಣ್ಣದ ಪುಡಿ ಒಗೆದು ಒಗೆದು ಟೈಲರಮ್ಮನಿಗೆ ಈ ವಿದ್ಯೆ ಚೆನ್ನಾಗಿ ಗೊತ್ತಿತ್ತು.

“ಎಷ್ಟಾಯ್ತು ಹೇಳು?” ಎಂದು ಸಂಜೆ ಸೊಸೆಯನ್ನು ಕೇಳಿದ. “ಆಯಿಲು, ಫಿಲ್ಟರು ಎಲ್ಲ ಸೇರಿ ನಾಲ್ಕು ಸಾವಿರದ ಇನ್ನೂರು. ಮಿಕ್ಕಿದ್ದನ್ನ ಹಲ್ಲಿನ ಡಾಕ್ಟರಿಗೆ ಕೊಡು.”

ಆ ಸಂಜೆ ಆ ಮನೆಯಲ್ಲಿ ಯಾರೂ ಯಾರ ಮೇಲೂ ರೇಗಲಿಲ್ಲ.

*

ಸೋಮವಾರ ಬೆಳಿಗ್ಗೆ ಗುಂಡಿ ಹಾಕುವಾಗ ಟೈಲರಮ್ಮ ಅವನ ಬಲಗೈ ನೋಡಿದಳು. ತೋರುಬೆರಳು, ನಡುಬೆರಳು ಎರಡರ ಮೇಲೂ ದೊಡ್ಡ ಬೊಬ್ಬೆ, ಒಂದು ಆಗಲೇ ಒಡೆದಿತ್ತು.

“ಇದೇನ್ರೀ ಇದು?”

ಅವನೂ ಆಗಲೇ ನೋಡಿದ. “ಆಯಿಲು ಬಿಸಿ ಇತ್ತು ಅನ್ಸುತ್ತೆ.”

“ಉರಿಲಿಲ್ವಾ?”

“ಇದಕ್ಕೆಲ್ಲ ಉರಿ ಅಂದ್ರೆ ಡಿಪೋದಲ್ಲಿ ಬಾಳಕ್ಕಾಗ್ತಿತ್ತಾ? ನಮ್ಮ ಚರ್ಮ ಹಂಗೆ.”

ಅದೇ ಮಧ್ಯಾಹ್ನ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆಯೆಂದು ಅವನು ಅದನ್ನು ಬಿಗಿ ಮಾಡಲು ಹೋದ. ತಿರುಗಿಸಿದ, ಇನ್ನೂ ತಿರುಗಿಸಿದ. ನಲ್ಲಿಯ ಕುತ್ತಿಗೆಯೇ ಮುರಿದು ಕೈಗೆ ಬಂದು, ನೀರು ಛಾವಣಿಯವರೆಗೆ ಚಿಮ್ಮಿತು. ಪುಟ್ಟಿ ಶಾಲೆಯಿಂದ ಬಂದವಳು ಅಡುಗೆಮನೆಯಲ್ಲಿ ದೋಣಿ ಬಿಟ್ಟು ಕುಣಿದಾಡಿದಳು. “ಕಳಪೆ ಮಾಲು,” ಎಂದ ಫೋರ್‌ಮನ್. ಎಲ್ಲರೂ ನಕ್ಕರು. ಟೈಲರಮ್ಮ ನೆಲ ಒರೆಸುತ್ತ ಆ ಮುರಿದ ತುಂಡನ್ನು ಎತ್ತಿ ಬಹಳ ಹೊತ್ತು ನೋಡಿದಳು. ನಲ್ಲಿ ಗಟ್ಟಿಯಾಗಿಯೇ ಇತ್ತು.

ಬುಧವಾರ ಊಟ ಮುಗಿಸಿ ಅವನು ಮಂಚದ ಮೇಲೆ ಒರಗಿ ನಿದ್ದೆ ಹೋದ. ಬಲಗೈ ಮಂಚದ ಅಂಚಿನಿಂದ ಹೊರಗೆ ಬಿದ್ದಿತ್ತು. ಅವಳು ಪಕ್ಕದಲ್ಲಿ ಕೂತು ಸಮವಸ್ತ್ರದ ಮಡಿಕೆ ಹೊಲಿಯುತ್ತಿದ್ದಳು. ಯಾಕೆ ಹಾಗೆ ಮಾಡಿದಳೋ ಅವಳಿಗೇ ತಿಳಿಯದು. ಸೂಜಿಯಲ್ಲಿದ್ದ ನೂಲು ಕಡಿದು, ಅದರ ತುದಿಯಿಂದ ಅವನ ಕಿರುಬೆರಳನ್ನು ಮೆಲ್ಲಗೆ ಚುಚ್ಚಿದಳು. ಅವನು ಮಿಸುಕಲಿಲ್ಲ. ಉಂಗುರದ ಬೆರಳು. ಇಲ್ಲ. ನಡುಬೆರಳು, ಇನ್ನೂ ಸ್ವಲ್ಪ ಜೋರಾಗಿ. ರಕ್ತದ ಸಣ್ಣ ಮಣಿ ಎದ್ದಿತು, ಗೊರಕೆ ನಿಲ್ಲಲಿಲ್ಲ. ತೋರುಬೆರಳು. ಹೆಬ್ಬೆರಳು. ಅಂಗೈ. ಮಣಿಕಟ್ಟಿನ ಹತ್ತಿರ ಸೂಜಿ ತಾಗಿದ ಮೇಲೆ ಅವನು ಗಡಬಡಿಸಿ ಕೈ ಎಳೆದುಕೊಂಡ.

“ಏನೇ ಅದು?”

“ಸೊಳ್ಳೆ,” ಎಂದಳು.

ಅವನು ಆ ಕಡೆ ಹೊರಳಿ ಮತ್ತೆ ಮಲಗಿದ. ಅವಳು ಸೂಜಿಯನ್ನು ಎದೆಯ ಬಳಿ ಸಿಕ್ಕಿಸಿಕೊಂಡಳು. ಹೊರಗೆ ಸೊಸೆ ಕಾರು ನಿಲ್ಲಿಸಿ ಬಾಗಿಲು ಹಾಕಿದ ಸದ್ದು ಕೇಳಿತು. ಹೇಳಬೇಕು ಎಂದು ಎದ್ದು ಬಾಗಿಲವರೆಗೆ ಹೋದಳು. ಸೊಸೆಯ ಹಿಂದೆಯೇ ಪುಟ್ಟಿ ಓಡಿ ಬಂದು, “ಅಜ್ಜೀ, ತಂತಿಗೆ ಅಚ್ಚು ತೆಗೆದ್ರು!” ಎಂದು ಬಾಯಿ ಅಗಲಿಸಿ ನಿಂತಳು. ಹೇಳಿದರೆ ಖಾಕಿ ಅಂಗಿ ಮತ್ತೆ ಪೆಟ್ಟಿಗೆಯ ತಳ ಸೇರುತ್ತದೆ. ತಂತಿಯ ದುಡ್ಡು ಶೋರೂಮಿನ ಗಾಜಿನ ಕೋಣೆ ಸೇರುತ್ತದೆ. ಗಂಡ ಪೇಪರು ಹಿಡಿದು ಮೂಲೆ ಸೇರುತ್ತಾನೆ, ಈ ಸಲ ಏಳುವುದಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು.

*

ನಾಳೆ ಎನ್ನುವುದು ಎಷ್ಟು ಸಲೀಸಾಗಿ ಮುಂದಕ್ಕೆ ಹೋಗುತ್ತದೆ! ಟೈಲರಮ್ಮ ಹೇಳಲಿಲ್ಲ. ಅದರ ಬದಲು ಕಾವಲು ಕಾಯತೊಡಗಿದಳು. ಬೆಳಿಗ್ಗೆ ಆರಕ್ಕೆ ಪೊರಕೆ ಹಿಡಿದು ಅಂಗಳ ಗುಡಿಸುವ ನೆಪದಲ್ಲಿ ಕಾರಿನ ಸುತ್ತ ಬಗ್ಗಿ ಬಗ್ಗಿ ನೋಡುತ್ತಿದ್ದಳು. ಒಂದು, ಎರಡು, ಮೂರು… ಹದಿನಾರು ಗೆರೆ ನೆಟ್ಟಗಿದ್ದರೆ ಉಸಿರು ಬಿಡುತ್ತಿದ್ದಳು. ಆಮೇಲೆ ಸೊಸೆ ಹೊರಡುವಾಗ ಬಾಗಿಲವರೆಗೆ ಬಂದು, “ಹುಷಾರಾಗಿ ಹೋಗ್ಬಾಮ್ಮ,” ಎನ್ನುತ್ತಿದ್ದಳು. ಸೊಸೆ ಮನೆಗೆ ಬಂದ ಹದಿನಾಲ್ಕು ವರ್ಷದಲ್ಲಿ ಅವಳು ಆ ಮಾತು ಹೇಳಿದ್ದು ಕಡಿಮೆ. ಬೆಳಗಿನ ಹೊತ್ತು ಒಲೆ ಬಿಟ್ಟು ಬರುವವಳೇ ಅಲ್ಲ.

ಸೊಸೆಗೆ ಮೊದಲು ಆಶ್ಚರ್ಯ, ಆಮೇಲೆ ಖುಷಿ. “ಇತ್ತೀಚೆಗೆ ಅತ್ತೆ ನನ್ನ ಕಳಿಸೋಕೆ ಬಾಗಿಲಿಗೆ ಬರ್ತಾರೆ ಗೊತ್ತಾ?” ಎಂದು ಗಂಡನಿಗೆ ಹೇಳುವುದು ಟೈಲರಮ್ಮನ ಕಿವಿಗೂ ಬಿತ್ತು. ಸಂಜೆ ಬರುವಾಗ ಅತ್ತೆಗೆಂದು ಒಂದು ಡಬ್ಬಿ ಬಣ್ಣದ ನೂಲು ತಂದಳು.

ಆ ನೂಲಿನ ಡಬ್ಬಿಯನ್ನು ಟೈಲರಮ್ಮ ಮುಟ್ಟಲಿಲ್ಲ.

ಮರುವಾರದ ಮಂಗಳವಾರ, ಮುಂದಿನ ಎಡಗಡೆ ಚಕ್ರದಲ್ಲಿ ಒಂದು ಗೆರೆ ತುಂಡಾಗಿತ್ತು. ಅರ್ಧ ಚಕ್ರದ ಮೇಲೆ, ಅರ್ಧ ನಟ್ಟಿನ ಮೇಲೆ, ನಡುವೆ ಅಕ್ಕಿಕಾಳಿನಷ್ಟು ಅಂತರ. ಓಡಿಹೋಗಿ ಗಂಡನನ್ನು ಎಬ್ಬಿಸಿದಳು.

ಅವನು ಬಂದು ಕುಕ್ಕರಗಾಲಲ್ಲಿ ಕೂತು ನೋಡಿದ. “ಹೊಸದಾಗಿ ಬಿಗಿ ಮಾಡಿದ್ದು ಎರಡು ವಾರ ಕೂರಬೇಕು. ಕೂತ ಮೇಲೆ ಸರಿಹೋಗುತ್ತೆ.” ಸ್ಪ್ಯಾನರು ತಂದು ತಿರುಗಿಸಿದ, ನಿಲ್ಲಿಸಿದ, ಮತ್ತೆ ಸ್ವಲ್ಪ ತಿರುಗಿಸಿದ, ಹಿಂದಕ್ಕೆ ಬಿಟ್ಟ. ಆಮೇಲೆ ಹೊಸ ಗೆರೆ ಎಳೆದ. ಇವೆಲ್ಲವನ್ನೂ ಅವಳು ಅವನ ಬೆನ್ನ ಹಿಂದೆ ನಿಂತು ನೋಡಿದಳು.

“ರೀ, ಆ ಕಟಕ್ ಅನ್ನೋ ಸ್ಪ್ಯಾನರು…”

“ನೀನು ಬಟ್ಟೆ ಅಳತೆ ತಗೋ. ಚಕ್ರದ ಅಳತೆ ನನಗೆ ಬಿಡು.”

ಇನ್ನೊಂದು ವಾರ ಕಳೆಯುವ ಹೊತ್ತಿಗೆ ಸೊಸೆ ಊಟಕ್ಕೆ ಕೂತಾಗ, “ಮಾವ, ಸ್ಟೇರಿಂಗು ಯಾಕೋ ಸ್ವಲ್ಪ ನಡುಗುತ್ತೆ. ಅರವತ್ತು ದಾಟಿದ್ರೆ ಕೈಗೆ ಗೊತ್ತಾಗುತ್ತೆ,” ಎಂದಳು.

“ರಸ್ತೆ ಹಾಳಾಗಿದೆಯಮ್ಮ.”

“ಹೊಸ ರಸ್ತೇಲೂ ನಡುಗುತ್ತೆ.”

“ನನಗೆ ಹೇಳಿಕೊಡ್ತೀಯಾ?” ಫೋರ್‌ಮನ್ ತಟ್ಟೆಯನ್ನು ತುಸು ದೂರ ತಳ್ಳಿದ. “ನಂಬಿಕೆ ಇಲ್ಲದಿದ್ರೆ ಆ ಟೈ ಕಟ್ಟಿದೋನ ಹತ್ರಾನೇ ಹೋಗು. ಇನ್ನೊಂದಿಪ್ಪತ್ತು ಸಾವಿರ ಕಿತ್ಕೊಂಡು ಕಾಫಿ ಕೊಡ್ತಾನೆ.”

“ನಾನು ಹಾಗಂದ್ನಾ ಮಾವ?”

“ಬಿಡು, ಅಪ್ಪನಿಗೆ ಗೊತ್ತಿರೋ ವಿಷಯ ಅದು,” ಎಂದು ಮಗ ನಡುವೆ ಬಾಯಿ ಹಾಕಿದ. “ತಂತಿಗೆ ಅರ್ಧ ದುಡ್ಡು ಕಟ್ಟಿಯಾಗಿದೆ. ಈಗ ಶೋರೂಮು ಅಂದ್ರೆ ಎಲ್ಲಿಂದ ತರೋದು?”

ಸೊಸೆ ಅನ್ನ ಕಲಸುತ್ತ ಬೇರೆ ಮಾತು ತೆಗೆದಳು. “ಮಾವ, ಊರವರ ಸಕ್ಕರೆಯೆಲ್ಲ ನೋಡ್ತೀನಿ. ನಿಮ್ಮದೊಂದು ಹನಿ ಕೊಡಿ ಅಂದ್ರೆ ಎರಡು ವರ್ಷದಿಂದ ತಪ್ಪಿಸ್ಕೋತೀರ. ಸುಸ್ತು ಸುಸ್ತು ಅಂತೀರಲ್ಲ?”

“ನನ್ನ ಮೈಯಲ್ಲಿರೋದು ಡೀಸೆಲ್ಲು. ನಿನ್ನ ಮಿಶಿನ್ನಿಗೆ ಅದು ತಿಳಿಯಲ್ಲ.”

ಪುಟ್ಟಿ ನಕ್ಕಳು. ಟೈಲರಮ್ಮ ಗಂಡನ ಬೆರಳುಗಳನ್ನೇ ನೋಡುತ್ತಿದ್ದಳು. ಲೋಟವನ್ನು ಹಿಡಿದಿದ್ದೇನೆಯೋ ಇಲ್ಲವೋ ಎಂದು ಅವನು ಕಣ್ಣಿನಿಂದ ನೋಡಿ ಖಚಿತ ಮಾಡಿಕೊಳ್ಳುತ್ತಿದ್ದ. ಈಗ ಹೇಳು, ಈಗಲೇ ಹೇಳು ಎಂದು ಅವಳ ಮನಸ್ಸು ಕಿರುಚಿತು. ನಾಲಿಗೆ ಮಾತ್ರ, “ಇನ್ನೊಂದು ಚೂರು ಸಾರು ಹಾಕ್ಲಾ?” ಎಂದಿತು.

ಶುಕ್ರವಾರ ಸಂಜೆ ಅದೇ ಚಕ್ರದಲ್ಲಿ ಮೂರು ಗೆರೆ ತುಂಡಾಗಿದ್ದವು. ಅಂತರ ಅಕ್ಕಿಕಾಳಿನಷ್ಟಲ್ಲ, ಬೆರಳಿನ ಅಗಲ.

“ನೀನು ನೀರು ಸುರಿದು ತೊಳೆದು ಗೆರೆ ಅಳಿಸ್ತಿದೀಯ,” ಎಂದು ರೇಗಿದ ಫೋರ್‌ಮನ್.

“ನಾಳೆ ಮೂರು ಮಕ್ಕಳನ್ನ ಕೂರಿಸ್ಕೊಂಡು ಹೋಗ್ತಾಳೆ ಅವಳು. ಪುಟ್ಟಿಯ ಈಜು ಸ್ಪರ್ಧೆಗೆ. ತೊಂಬತ್ತು ಕಿಲೋಮೀಟರು, ಹೆದ್ದಾರಿ.”

“ಗೊತ್ತು. ಬೆಳಿಗ್ಗೆ ಬಿಗಿ ಮಾಡ್ತೀನಿ. ಈಗ ಕತ್ತಲಾಯ್ತು.”

*

ಶನಿವಾರ ಅವಳು ಪೊರಕೆ ಹಿಡಿದು ಬರುವಾಗ ಅಂಗಳ ಇನ್ನೂ ಒದ್ದೆಯಾಗಿತ್ತು. ಮುಂದಿನ ಎಡ ಚಕ್ರದ ಎದುರು ಬಗ್ಗಿದಳು. ನಾಲ್ಕೂ ಗೆರೆ ನೆಟ್ಟಗಿದ್ದವು. ದಪ್ಪಗೆ, ಹಾಲಿನಷ್ಟು ಬೆಳ್ಳಗೆ. ಉಳಿದ ಹನ್ನೆರಡನ್ನೂ ಎಣಿಸಿದಳು. ಎಲ್ಲ ನೆಟ್ಟಗೆ. ಅಬ್ಬ ಎಂದುಕೊಂಡು, ಗಂಡನನ್ನು ಮನಸ್ಸಿನಲ್ಲೇ ಹೊಗಳಿ, ಕಸದ ಮೊರ ತರಲು ಹಿಂದಿನ ಕೊಟ್ಟಿಗೆಗೆ ಹೋದಳು.

ಅಲ್ಲಿ ಸ್ಪ್ಯಾನರುಗಳ ಕಬ್ಬಿಣದ ಪೆಟ್ಟಿಗೆ ಇತ್ತು. ಅದರ ಮೇಲೆ ನಿನ್ನೆ ರಾತ್ರಿ ಊಟಕ್ಕೆ ಮುಂಚೆ ಅವಳೇ ಇಟ್ಟ ಸಮವಸ್ತ್ರದ ಗಂಟು, ಗಂಟಿನ ಮೇಲೆ ಅವಳೇ ಇಟ್ಟ ಕತ್ತರಿ. ಕತ್ತರಿ ಒಂದಿಂಚೂ ಕದಲಿರಲಿಲ್ಲ. ಪೆಟ್ಟಿಗೆಯನ್ನು ಯಾರೂ ತೆರೆದಿರಲಿಲ್ಲ.

ಅವಳು ಕಾರಿನ ಬಳಿಗೆ ವಾಪಸು ಬಂದಳು. ಈ ಸಲ ಮೊಣಕಾಲೂರಿ ನೋಡಿದಳು. ಹೊಸ ಗೆರೆಯ ಪಕ್ಕದಲ್ಲಿ, ಒದ್ದೆ ಬಟ್ಟೆಯಿಂದ ಒರೆಸಿದರೂ ಪೂರ್ತಿ ಹೋಗದ ಹಳೆಯ ಗೆರೆಯ ಮಬ್ಬು.

ಫೋರ್‌ಮನ್ ಹಿತ್ತಿಲ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ. ಬೆರಳ ಸಂದಿಯಿಂದ ಬಿಳಿ ನೀರು ಇಳಿಯುತ್ತಿತ್ತು.

“ಬಿಗಿ ಮಾಡಿದ್ರಾ?”

“ಮಾಡ್ದೆ.”

“ಯಾವುದರಲ್ಲಿ ಮಾಡಿದ್ರಿ?”

ಅವನು ಅವಳ ಮುಖ ನೋಡದೆ ಬೆರಳ ಸಂದಿಯ ಸುಣ್ಣವನ್ನು ಇನ್ನೂ ಜೋರಾಗಿ ಉಜ್ಜತೊಡಗಿದ. ಅವನಿಗೂ ಗೊತ್ತಿದೆ ಎಂಬುದು ಆಗ ಅವಳಿಗೆ ಹೊಳೆಯಿತು. ತನ್ನ ಬೆರಳು ಏನನ್ನೂ ಹೇಳುತ್ತಿಲ್ಲವೆಂದು ಅವನಿಗೂ ಗೊತ್ತಿದೆ. ಕಡಿಮೆ ತಿರುಗಿಸಿದರೆ ಸಡಿಲ, ಹೆಚ್ಚು ತಿರುಗಿಸಿದರೆ ನಲ್ಲಿಯ ಹಾಗೆ ಮುರಿದೀತು. ಅದಕ್ಕೇ ಅವನು ಬರೀ ಗೆರೆ ಎಳೆದಿದ್ದ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಮೇಲೆ ಅಂಥ ಭಯ ಎಂದೂ ಆಗಿರಲಿಲ್ಲ.

ಮುಂಬಾಗಿಲಲ್ಲಿ ಪುಟ್ಟಿಯ ಗೆಳತಿಯರಿಬ್ಬರು ಈಜಿನ ಚೀಲ ಹಿಡಿದು ಬಂದು ಕಾರು ಹತ್ತುತ್ತಿದ್ದರು. ಮಗ ನೀರಿನ ಬಾಟಲಿಗಳನ್ನು ಒಳಗಿಡುತ್ತಿದ್ದ. ಸೊಸೆ ಕಾರು ಶುರು ಮಾಡಿ, ದಿನದ ಅಭ್ಯಾಸದಂತೆ ಅತ್ತೆಯ ಮಾತಿಗಾಗಿ ಬಾಗಿಲ ಕಡೆ ನೋಡಿದಳು. ಟೈಲರಮ್ಮ ಬಾಗಿಲಲ್ಲಿರಲಿಲ್ಲ. ಪೊರಕೆ ಹಿಡಿದುಕೊಂಡೇ ಕಾರಿನ ಎದುರಿಗೆ ಬಂದು ನಿಂತಿದ್ದಳು.

“ಇಳೀರಿ. ಎಲ್ಲರೂ ಇಳೀರಿ.”

“ಏನಾಯ್ತಮ್ಮ?” ಎಂದ ಮಗ.

“ಚಕ್ರ ಸಡಿಲ ಇದೆ. ನಿಮ್ಮಪ್ಪನ ಬೆರಳಿಗೆ ಸ್ಪರ್ಶ ಇಲ್ಲ.”

ಫೋರ್‌ಮನ್ ಒದ್ದೆ ಕೈಯಲ್ಲೇ ಬಂದ. ಮೊದಲು ಅವನ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು. “ತಲೆ ಕೆಟ್ಟಿದೆಯೇನೇ ನಿನಗೆ? ಮಕ್ಕಳ ಮುಂದೆ ಮರ್ಯಾದೆ ತೆಗೀತೀಯಾ? ಈ ಕೈ ಎಷ್ಟು ಬಸ್ಸು ಬಿಗಿ ಮಾಡಿದೆ ಗೊತ್ತೇನೇ?”

ಅವಳು ಆ ಕೈಯನ್ನು ಹಿಡಿದುಕೊಂಡಳು. ಎದೆಯ ಬಳಿಯಿಂದ ಸೂಜಿ ಕಿತ್ತಳು. ಅವನು ಅವಳ ಮುಖವನ್ನೇ ದುರುಗುಟ್ಟಿ ನೋಡುತ್ತ ಕೂಗಾಡುತ್ತಿದ್ದ, “ಮೂವತ್ತನಾಲ್ಕು ವರ್ಷ! ಒಬ್ಬನೇ ಒಬ್ಬ ಡ್ರೈವರು ಬಂದು ಚಕ್ರ ಅಲುಗಾಡ್ತು ಅಂದಿಲ್ಲ! ಕೇಳು ಹೋಗು ಡಿಪೋದಲ್ಲಿ!” ಸೂಜಿ ತೋರುಬೆರಳಿಗೆ ಅರ್ಧದವರೆಗೆ ಇಳಿದಿತ್ತು. ಅವಳು ಕೈ ಬಿಟ್ಟಳು. ಸೂಜಿ ಬೆರಳಲ್ಲೇ ನಿಂತಿತು. ರಕ್ತ ಅಂಗೈಗುಂಟ ಇಳಿದು ಅಂಗಳಕ್ಕೆ ತೊಟ್ಟಿಕ್ಕಿತು. ಅವನು ಇನ್ನೂ ಕೂಗುತ್ತಲೇ ಇದ್ದ.

ಸೊಸೆ ಕಾರು ಬಂದ್ ಮಾಡಿದಳು. ಎಲ್ಲರೂ ತನ್ನ ಮುಖ ಬಿಟ್ಟು ಬೇರೇನನ್ನೋ ನೋಡುತ್ತಿರುವುದು ಅವನಿಗೆ ತಡವಾಗಿ ಗೊತ್ತಾಯಿತು. ತಲೆ ಬಗ್ಗಿಸಿ ತನ್ನ ಕೈ ನೋಡಿಕೊಂಡ.

ಪುಟ್ಟಿ ಚಕ್ರದ ಎದುರು ಕುಕ್ಕರಗಾಲಲ್ಲಿ ಕೂತಿದ್ದಳು. ಹೊಸ ಬಿಳಿ ಗೆರೆಯ ಮೇಲೆ ಎರಡು ಬೆರಳಿಟ್ಟು ನಟ್ಟನ್ನು ಹಿಡಿದಳು.

“ತಾತ,” ಎಂದಳು, “ಇದು ಕೈಯಲ್ಲೇ ತಿರುಗುತ್ತೆ.”

*

ಸೋಮವಾರ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಶೋರೂಮಿಗೆ ಒಯ್ದರು. ಬೋಲ್ಟುಗಳ ಹಲ್ಲು ಸವೆದಿತ್ತು, ಚಕ್ರದ ತೂತು ಅಗಲವಾಗಿತ್ತು. ಬಿಲ್ಲು ಇಪ್ಪತ್ತಾರು ಸಾವಿರ ದಾಟಿತು, ಅದರಲ್ಲಿ ‘ಇತರೆ ಸಾಮಗ್ರಿ’ಯ ಒಂಬೈನೂರೂ ಇತ್ತು. “ಇದನ್ನ ಬಿಗಿ ಮಾಡಿದ್ದು ಯಾರು ಮೇಡಂ?” ಎಂದು ಟೈ ಕಟ್ಟಿದವನು ಕೇಳಿದನಂತೆ. “ರಸ್ತೆ ಬದಿ ಯಾರೋ,” ಎಂದಳಂತೆ ಸೊಸೆ. ಹಲ್ಲಿನ ತಂತಿ ಮುಂದಿನ ವರ್ಷಕ್ಕೆ ಹೋಯಿತು. ಫೋರ್‌ಮನ್ನನ ರಕ್ತವನ್ನು ಸೊಸೆಯೇ ತೆಗೆದಳು, ಅವನು ತಪ್ಪಿಸಿಕೊಳ್ಳಲಿಲ್ಲ. ಸಕ್ಕರೆ ನಾನೂರರ ಹತ್ತಿರ ಬಂತು. ಬೆರಳಿನ ಸ್ಪರ್ಶ ಹೋದದ್ದು ಅದರಿಂದಲೇ, ಕಾಲಿನ ಬೆರಳುಗಳನ್ನೂ ತೋರಿಸಬೇಕು ಎಂದರು ಡಾಕ್ಟರು.

ಆ ಸಂಜೆ ಬಿಲ್ಲು ಮತ್ತೆ ಊಟದ ಮೇಜಿನ ಮೇಲಿತ್ತು. ಅದನ್ನು ಯಾರೂ ಗಟ್ಟಿಯಾಗಿ ಓದಲಿಲ್ಲ. ಫೋರ್‌ಮನ್ ಬೇಗ ಉಂಡು ಕೋಣೆ ಸೇರಿದ. ಪುಟ್ಟಿಯನ್ನು ಕರೆದುಕೊಂಡು ಮಗ ಎದ್ದುಹೋದ. ಮೇಜಿನ ಬಳಿ ಅತ್ತೆ ಸೊಸೆ ಇಬ್ಬರೇ ಉಳಿದರು.

“ಅತ್ತೆ,” ಎಂದಳು ಸೊಸೆ. ದನಿಯಲ್ಲಿ ಸಿಟ್ಟಿರಲಿಲ್ಲ. “ಮಾವನ ಕೈ ವಿಷಯ ನಿಮಗೆ ಗೊತ್ತಾಗಿದ್ದು ಶನಿವಾರಾನಾ?”

ಸುಳ್ಳು ಹೇಳಬಹುದಿತ್ತು. ಸೊಸೆ ಅದಕ್ಕೆ ಜಾಗ ಬಿಟ್ಟೇ ಕೇಳಿದ್ದಳು. ಆದರೆ ಟೈಲರಮ್ಮನಿಗೆ ಸುಳ್ಳು ಸಾಕಾಗಿತ್ತು.

“ಅದಕ್ಕೆ ಮುಂಚೆ ಹದಿನೇಳು ದಿನ,” ಎಂದಳು.

ಸೊಸೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು. ಜೋಡಿಸುತ್ತ ಜೋಡಿಸುತ್ತ ಅವಳ ಕೈ ನಿಂತುಹೋಯಿತು.

“ದಿನಾ ಬೆಳಿಗ್ಗೆ ಬಾಗಿಲಿಗೆ ಬಂದು ‘ಹುಷಾರಾಗಿ ಹೋಗ್ಬಾ’ ಅಂತಿದ್ರಲ್ಲ ಅತ್ತೆ,” ಎಂದಳು. “ಅದಕ್ಕೇನಾ?”

ಸೊಸೆ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಆರೂವರೆಗೆ ಕಾರು ಶುರುವಾಯಿತು. ಚಕ್ರಗಳು ಫಳಫಳ ತೊಳೆದುಕೊಂಡು ಬಂದಿದ್ದವು, ಒಂದು ಗೆರೆಯೂ ಇರಲಿಲ್ಲ. ಟೈಲರಮ್ಮ ಒಲೆ ಸಣ್ಣದು ಮಾಡಿ ಬಾಗಿಲವರೆಗೆ ಬಂದಳು. ಸೊಸೆ ಪುಟ್ಟಿಯ ಸೀಟಿನ ಪಟ್ಟಿ ಬಿಗಿದು, ತನ್ನ ಪಟ್ಟಿ ಬಿಗಿದು, ಗೇಟಿನ ಕಡೆ ನೋಡುತ್ತ ಕಾರನ್ನು ಹಿಂದಕ್ಕೆ ತೆಗೆದಳು. ಹೇಳಬೇಕಾದ ಮಾತು ಟೈಲರಮ್ಮನ ಬಾಯಲ್ಲೇ ಇತ್ತು. ಅದನ್ನು ಹೇಳಲು ಅವಳಿಗೆ ಧೈರ್ಯ ಬರಲಿಲ್ಲ.